ಯಾವುದು ಇಷ್ಟ ಎಂದು ಕೇಳುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಥೆ ಬರೆಯುವವರನ್ನು ಕಥೆಯ ಬಗ್ಗೆ ಕೇಳುವವರು ಕಡಿಮೆ. ಸಭೆ ಮುಗಿದು ಉಪ್ಪಿಟ್ಟಿನ ತಟ್ಟೆ ಕೈಗೆ ಬಂದ ಮೇಲೆ ಕೇಳುವುದೆಲ್ಲ ಬೇರೆ: ಚಹಾ ಕುಡಿಯುತ್ತೀರೋ ಕಾಫಿಯೋ, ಯಾವ ಪೆನ್ನು, ಮಧ್ಯಾಹ್ನ ಮಲಗುವ ರೂಢಿಯಿದೆಯೇ, ಈ ಸೀರೆ ಎಲ್ಲಿಯದು. ನನಗೇನೂ ಬೇಸರವಿಲ್ಲ. ಇನ್ನೊಬ್ಬರ ಬಗ್ಗೆ ಇಂಥದ್ದನ್ನೇ ತಿಳಿದುಕೊಳ್ಳುವ ಚಪಲ ನನಗೂ ಉಂಟು. ಕಾಲೇಜಿನ ಹುಡುಗಿಯರು, ಸಂದರ್ಶನಕ್ಕೆ ಬಂದವರು, ಪತ್ರ ಬರೆದವರು, ರೈಲಿನಲ್ಲಿ ಎದುರಿಗೆ ಕುಳಿತವರು ಕೇಳಿದ್ದನ್ನೆಲ್ಲ ಒಟ್ಟು ಮಾಡಿ ಇಲ್ಲಿ ಉತ್ತರಿಸಿದ್ದೇನೆ. ಮೊದಲೇ ಒಂದು ಮಾತು. ‘ನಿಮಗೆ ಎಲ್ಲಕ್ಕಿಂತ ಇಷ್ಟವಾದದ್ದು ಯಾವುದು’ ಎಂದರೆ ನಾನು ತಡವರಿಸುತ್ತೇನೆ. ‘ಈ ತಿಂಗಳಲ್ಲಿ, ಈ ಹೊತ್ತಿನಲ್ಲಿ ಯಾವುದು’ ಎಂದು ಕೇಳಿ, ತಟ್ಟನೆ ಹೇಳುತ್ತೇನೆ.

ಚಹಾವೋ ಕಾಫಿಯೋ?

ಬೆಳಿಗ್ಗೆ ಚಹಾ. ಧಾರವಾಡದಲ್ಲಿ ಮನೆ ಮಾಡಿಕೊಂಡು ಇದಕ್ಕೆ ಬೇರೆ ಉತ್ತರ ಕೊಟ್ಟರೆ ಓಣಿಯವರು ಮಾತು ಬಿಟ್ಟಾರು. ಶುಂಠಿಯನ್ನು ಜಜ್ಜಿ ಮೊದಲು ನೀರಿನಲ್ಲಿ ಚೆನ್ನಾಗಿ ಕುದಿಸಬೇಕು. ಹಸಿ ಶುಂಠಿ ನೇರವಾಗಿ ಹಾಲಿಗೆ ಬಿದ್ದರೆ ಹಾಲು ಒಡೆಯುವ ಭಯ. ಆಮೇಲೆ ಪುಡಿ, ಸಕ್ಕರೆ, ಕೊನೆಗೆ ಹಾಲು. ಹಿತ್ತಲಿನ ಮಜ್ಜಿಗೆ ಹುಲ್ಲು ಮಳೆಗಾಲಕ್ಕೆ ಮಾತ್ರ. ಏಪ್ರಿಲ್‌ನಲ್ಲಿ ಅದನ್ನು ಹಾಕಿದರೆ ಅದು ಚಹಾ ಅಲ್ಲ, ಜ್ವರದವರಿಗೆ ಕೊಡುವ ಕಷಾಯ.

ಹರಿಹರದಲ್ಲಿ ತುಂಗಭದ್ರೆ ದಾಟಿದೆನೆಂದರೆ ಕಾಫಿ. ಅತ್ತ ಕಡೆಯ ಹೋಟೆಲುಗಳಲ್ಲಿ ಚಹಾ ಕೇಳಿದರೆ ಮಾಣಿಯ ಮುಖದಲ್ಲಿ ಕನಿಕರ ಮೂಡುತ್ತದೆ. ನಮ್ಮ ಕಡೆ ಕಾಫಿ ಕೇಳಿದವರದ್ದೂ ಅದೇ ಪಾಡು. ಬೆಂಗಳೂರಿನ ದರ್ಶಿನಿಯಲ್ಲಿ ಸಂಜೆ ಐದರ ಸುಮಾರಿಗೆ ನಿಂತುಕೊಂಡು ಕುಡಿಯುವ ಕಾಫಿಗೆ ಸಾಟಿಯಿಲ್ಲ. ಚಿಕೋರಿ ಬೆರೆಸಲೇಬಾರದು ಎಂದು ವಾದಿಸುವವರಿದ್ದಾರೆ. ಒಂದಿಷ್ಟು ಚಿಕೋರಿ ಇಲ್ಲದ ಡಿಕಾಕ್ಷನ್ ಹಾಲಿನಲ್ಲಿ ಹೇಳಹೆಸರಿಲ್ಲದಂತೆ ಹೋಗುತ್ತದೆ ಎಂಬುದು ನನ್ನ ಪಕ್ಷ. ಅಲ್ಲಿಂದ ಪುಡಿ ಕಟ್ಟಿಸಿಕೊಂಡು ಬಂದು ಇಲ್ಲಿ ಮಾಡಿ ನೋಡಿದ್ದೂ ಆಯಿತು. ಪುಡಿ ಅದೇ, ಫಿಲ್ಟರ್ ಅದೇ, ಹಾಲು ಅಲ್ಲಿಗಿಂತ ಗಟ್ಟಿ. ಆದರೂ ಎರಡನೆಯ ಗುಟುಕಿಗೆ ಮನಸ್ಸು ಚಹಾ ಕೇಳಿತು.

ಬರೆಯುವುದು ಪೆನ್ನಿನಲ್ಲೋ ಕಂಪ್ಯೂಟರಿನಲ್ಲೋ?

ಮೂರರಲ್ಲಿ. ನವರಾತ್ರಿ ಕಳೆದು ಹವೆ ಒಣಗಿದ ಮೇಲೆ ಇಂಕು ಪೆನ್ನು, ನೀಲಿ ಶಾಯಿ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಧಾರವಾಡದಲ್ಲಿ ಕಾಗದವೂ ತಂಪು ಹೀರಿಕೊಂಡು ಮೆತ್ತಗಾಗುತ್ತದೆ. ಬರೆದ ಅಕ್ಷರದ ಸುತ್ತ ಶಾಯಿ ಹರಡಿ ‘ಮ’ ಯಾವುದು ‘ವ’ ಯಾವುದು ತಿಳಿಯದು. ಆ ಮೂರು ನಾಲ್ಕು ತಿಂಗಳು ಕೆಂಪು-ಕಪ್ಪು ಪಟ್ಟೆಯ ನಟರಾಜ ಪೆನ್ಸಿಲ್ಲೇ ಗತಿ. ಅದನ್ನು ಮೆಂಡರಿನಲ್ಲಿ ತಿರುಗಿಸುವುದಿಲ್ಲ, ಬ್ಲೇಡಿನಿಂದ ಕೆತ್ತುತ್ತೇನೆ. ಮೊನೆ ಉದ್ದ ಸಿಗುತ್ತದೆ ಎಂಬುದು ನೆವ. ಬರೆಯುವುದನ್ನು ಹತ್ತು ನಿಮಿಷ ಮುಂದೆ ಹಾಕಲು ಅದಕ್ಕಿಂತ ಮರ್ಯಾದಸ್ಥ ಕೆಲಸ ಇನ್ನೊಂದಿಲ್ಲ.

ತಿದ್ದಿ ಮುಗಿದ ಪ್ರತಿಯನ್ನು ಕಂಪ್ಯೂಟರಿನಲ್ಲಿ ನಾನೇ ಅಚ್ಚು ಮಾಡುತ್ತೇನೆ. ‘ನುಡಿ’ ತಂತ್ರಾಂಶದಲ್ಲಿರುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ. ಒಮ್ಮೆ ಬೆರಳಿಗೆ ಹತ್ತಿತೆಂದರೆ ಒತ್ತಕ್ಷರಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಹಳೆಯ ಟೈಪ್‌ರೈಟರ್ ಕಾಲವನ್ನು ನೆನೆದು ನಿಟ್ಟುಸಿರು ಬಿಡುವವರ ಸಾಲಿನಲ್ಲಿ ನಾನಿಲ್ಲ. ಅದರ ಸದ್ದಿಗೆ ಪಕ್ಕದ ಕೋಣೆಯ ಕೂಸು ಎದ್ದು ಕೂರುತ್ತಿತ್ತು.

ದಿನಕ್ಕೆ ಎಷ್ಟು ಹೊತ್ತು ಬರೆಯುತ್ತೀರಿ?

ನಳಕ್ಕೆ ನೀರು ಬರುವ ದಿನ ಬರೆಯುವುದಿಲ್ಲ. ಉಳಿದ ದಿನ ಬೆಳಗಿನ ಹೊತ್ತು, ತರಕಾರಿ ಗಾಡಿಯವನು ಓಣಿಗೆ ಬರುವ ತನಕ.

ಇಷ್ಟದ ಊಟ?

ಬಿಳಿಜೋಳದ ರೊಟ್ಟಿ. ಇದೊಂದಕ್ಕೆ ‘ಯಾವಾಗ’ ಎಂಬ ಪ್ರಶ್ನೆಯಿಲ್ಲ, ವರ್ಷವಿಡೀ ಬೇಕು. ಅದರ ಪಕ್ಕದಲ್ಲಿ ಏನಿರಬೇಕು ಎಂಬುದು ಮಾತ್ರ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ.

ಎರೆಹೊಲಗಳಲ್ಲಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿತ್ತುವ ಹಿಂಗಾರಿ ಜೋಳ, ಮಣ್ಣಿನಲ್ಲಿ ಉಳಿದ ಹಸಿಯ ಮೇಲೆಯೇ ಬೆಳೆದು ಫೆಬ್ರುವರಿಯ ಸುಮಾರಿಗೆ ಕೊಯ್ಲಿಗೆ ಬರುತ್ತದೆ. ಹೊಸ ಜೋಳ ಬಂದ ಮೊದಲ ವಾರಗಳಲ್ಲಿ ನಾನು ಯಾರ ಮನೆಯ ಊಟದ ಆಮಂತ್ರಣವನ್ನೂ ತಳ್ಳಿಹಾಕುವುದಿಲ್ಲ. ಹಿಟ್ಟನ್ನು ಗಿರಣಿಯಿಂದ ಸ್ವಲ್ಪ ಸ್ವಲ್ಪವೇ ತರಿಸಬೇಕು; ಹಳತಾದರೆ ಜಿಗುಟು ಹೋಗಿ ರೊಟ್ಟಿ ಅಂಚಿನಲ್ಲಿ ಸೀಳುತ್ತದೆ. ಜೋಳದಲ್ಲಿ ಗೋಧಿಯಲ್ಲಿರುವಂಥ ಅಂಟಿಲ್ಲ, ಅದನ್ನು ಹಿಡಿದು ಕಟ್ಟುವುದೇ ಕುದಿಯುವ ನೀರು. ಹಿಟ್ಟಿನ ನಡುವೆ ಸುರಿದು, ಕೈ ಚುರುಗುಟ್ಟುತ್ತಿರುವಾಗಲೇ ನಾದಬೇಕು. ಬಡಿಯುವಾಗ ಅಂಗೈ ಬೀಳುವುದು ನಡುವೆಯಲ್ಲ, ಅಂಚಿನಲ್ಲಿ. ಪ್ರತಿ ಏಟಿಗೂ ರೊಟ್ಟಿ ಕೊಂಚ ಕೊಂಚ ತಿರುಗುತ್ತ ತಾನೇ ಅಗಲವಾಗುತ್ತದೆ. ಹಂಚಿಗೆ ಹಾಕಿದೊಡನೆ ಮೇಲಿನ ಒಣಹಿಟ್ಟಿಗೆ ಒದ್ದೆ ಬಟ್ಟೆ ಆಡಿಸಿ, ಆ ನೀರು ಆರುವಷ್ಟರಲ್ಲಿ ಮಗುಚಬೇಕು. ಆಮೇಲೆ ನೇರ ಉರಿಗೆ ಹಿಡಿದರೆ ಪೂರಾ ಉಬ್ಬುತ್ತದೆ. ಉಬ್ಬಿದ ರೊಟ್ಟಿಯ ಮೇಲಿನ ತೆಳು ಪದರವನ್ನು ಕಿತ್ತು, ಒಳಗೆ ಕುಸುಬೆ ಎಣ್ಣೆ ಸವರಿ, ಶೇಂಗಾ ಹಿಂಡಿ ಉದುರಿಸಿ, ಒಲೆಯ ಬುಡದಲ್ಲೇ ಕುಳಿತು ತಿನ್ನುವ ಮೊದಲ ರೊಟ್ಟಿ ಲೆಕ್ಕಕ್ಕಿಲ್ಲ. ಊಟ ಆಮೇಲೆ.

ಚಳಿಗಾಲದಲ್ಲಿ ರೊಟ್ಟಿಯ ಪಕ್ಕ ಹಸಿ ಸೊಪ್ಪು ಇರಲೇಬೇಕು: ಮೆಂತ್ಯೆ, ಮೂಲಂಗಿ, ಉಳ್ಳಾಗಡ್ಡಿಯ ತಪ್ಪಲು, ಅದೃಷ್ಟವಿದ್ದರೆ ಹೊಲದಲ್ಲಿ ತಾನಾಗಿ ಹುಟ್ಟುವ ಹಕ್ಕರಕಿ. ಜೊತೆಗೆ ಎಣ್ಣೆಗಾಯಿ, ಗುರೆಳ್ಳಿನ ಹಿಂಡಿ, ಗಟ್ಟಿ ಮೊಸರು. ಹೊಲದಲ್ಲಿ ಎಳೆಯ ತೆನೆಯನ್ನು ಸುಟ್ಟು ಉದುರಿಸಿದ ಸೀತನಿ ಸಿಗುವುದು ವರ್ಷದಲ್ಲಿ ಕೆಲವೇ ದಿನ. ಬಿಸಿಯಿರುವಾಗ ಬೆಲ್ಲದ ಜೊತೆ ತಿನ್ನಬೇಕು. ಯಾರಾದರೂ ಸೀತನಿಗೆ ಕರೆದರೆ ಅಂದಿನ ಸಾಹಿತ್ಯ ಗೋಷ್ಠಿಗೆ ನನಗೆ ಮೈ ಸರಿಯಿರುವುದಿಲ್ಲ.

ಅಡುಗೆ ನೀವೇ ಮಾಡುತ್ತೀರಾ?

ನನ್ನ ಜೊತೆ ವೇದಿಕೆಯಲ್ಲಿ ಕೂರುವ ಗಂಡಸರನ್ನು ಯಾರೂ ಹೀಗೆ ಕೇಳಿದ್ದು ನಾನು ಕೇಳಿಲ್ಲ. ಕೇಳಿದರೆ ಒಳ್ಳೆಯ ಉತ್ತರಗಳು ಬಂದಾವು. ಅವರಲ್ಲೊಬ್ಬರು ಮಾಡುವ ಹುಳಿ ನನ್ನ ಹುಳಿಗಿಂತ ರುಚಿ. ಹೌದು, ನಾನೇ ಮಾಡುತ್ತೇನೆ. ರೊಟ್ಟಿ ಮಾತ್ರ ವಾರದಲ್ಲಿ ಹೆಚ್ಚು ದಿನ ಓಣಿಯ ಕೊನೆಯ ಮನೆಯಿಂದ ಬರುತ್ತದೆ. ಆ ತಾಯಿಯ ಕೈಯಲ್ಲಿ ಎಲ್ಲ ರೊಟ್ಟಿಯೂ ಒಂದೇ ಅಗಲ, ಒಂದೇ ತೆಳು. ನನ್ನವು ಒಂದೊಂದು ಒಂದೊಂದು ಜಿಲ್ಲೆಯ ನಕ್ಷೆ.

ಧಾರವಾಡ ಪೇಡೆಯಲ್ಲಿ ಯಾವ ಅಂಗಡಿಯದು ಒಳ್ಳೆಯದು?

ಇದಕ್ಕೆ ಬರವಣಿಗೆಯಲ್ಲಿ ಉತ್ತರ ಕೊಟ್ಟು ಈ ಊರಿನಲ್ಲಿ ಬದುಕುವುದು ಕಷ್ಟ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಲೇಗಿಗೆ ಹೆದರಿ ಬಂದ ಠಾಕೂರ್ ಮನೆತನ ಈ ಪೇಡೆಯನ್ನು ಇಲ್ಲಿ ಬೇರೂರಿಸಿತು. ಲೈನ್ ಬಜಾರಿನ ಅವರ ಅಂಗಡಿಯ ಮುಂದೆ ಈಗಲೂ ಸಾಲು ನಿಲ್ಲುತ್ತದೆ. ಮಿಶ್ರಾ ಪೇಡೆಯ ಪಕ್ಷದವರೂ ಗಟ್ಟಿಯಾಗಿದ್ದಾರೆ. ಒಂದೇ ಮನೆಯಲ್ಲಿ ಎರಡೂ ಪಕ್ಷವಿದ್ದು ಮದುವೆ ಉಳಿದುಕೊಂಡಿರುವ ಉದಾಹರಣೆ ನಮ್ಮದೇ.

ಅಂಗಡಿಗಿಂತ ಹೊತ್ತು ಮುಖ್ಯ. ಖವಾವನ್ನು ಕಂದು ಬಣ್ಣಕ್ಕೆ ತಿರುಗುವ ತನಕ ಹುರಿದು, ಸಕ್ಕರೆ ಪುಡಿಯಲ್ಲಿ ಹೊರಳಿಸುವ ತಿಂಡಿ ಇದು. ಅಂದೇ ಮಾಡಿದ್ದನ್ನು ಅಂದೇ ತಿಂದರೆ ಒಳಗೆ ಮರಳು ಮರಳಾಗಿ ಒಡೆಯುತ್ತದೆ. ಫ್ರಿಜ್ಜಿನಲ್ಲಿಟ್ಟ ಪೇಡೆ ಕಲ್ಲು. ಅದನ್ನು ಬೆಂಗಳೂರಿಗೆ, ಅಲ್ಲಿಂದ ಅಮೆರಿಕಕ್ಕೆ ಒಯ್ದು ತಿಂಗಳಾದ ಮೇಲೆ ‘ಏನು ಮಹಾ’ ಎನ್ನುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ.

ಗಿರಮಿಟ್ ತಿನ್ನುತ್ತೀರಾ?

ಮೋಡ ಕವಿದ ಸಂಜೆ, ಗಾಡಿಯ ಪಕ್ಕದಲ್ಲೇ ನಿಂತು, ಮಿರ್ಚಿಯ ಜೊತೆ. ಗೊಜ್ಜಿನಲ್ಲಿ ಕಲಸಿದ ಚುರುಮುರಿ ಐದು ನಿಮಿಷಕ್ಕೆ ಮೆತ್ತಗಾಗುತ್ತದೆ. ಪಾರ್ಸಲ್ ಕಟ್ಟಿಸುವವರನ್ನು ಕಂಡರೆ ತಡೆಯಬೇಕೆನಿಸುತ್ತದೆ.

ಹಣ್ಣುಗಳಲ್ಲಿ ಯಾವುದು ಇಷ್ಟ?

ಮೇ ತಿಂಗಳಲ್ಲಿ ಕೇಳಿದರೆ ಮಾವು. ನಮ್ಮ ತಾಲ್ಲೂಕಿನ ತೋಟಗಳಲ್ಲಿ ಆಪೂಸ್ ಹೇರಳ. ಹಳೆಯ ಮೈಸೂರಿನವರು ಬಾದಾಮಿ ಎನ್ನುವುದು ಇದನ್ನೇ. ಕತ್ತರಿಸಿ ತಿನ್ನಲು ಆಪೂಸ್ ಸರಿ. ಹೋಳಿಗೆಯ ಜೊತೆಗಿನ ಸೀಕರಣೆಗೆ ಮಾತ್ರ ನಾನು ಅದನ್ನು ಬಳಸುವುದಿಲ್ಲ, ಅದರ ಗರ್ವ ಅದಕ್ಕೇ ಇರಲಿ. ನಾರಿರುವ, ತುಸು ಹುಳಿಯ, ಹೆಸರಿಲ್ಲದ ನಾಟಿ ಹಣ್ಣಿನ ರಸಕ್ಕೆ ಬೆಲ್ಲ ಹಾಕಿದಾಗ ಬರುವ ಸೀಕರಣೆಯೇ ಸೀಕರಣೆ. ಏಲಕ್ಕಿ ಒಂದು ಚಿಟಿಕೆ. ಅದಕ್ಕಿಂತ ಹೆಚ್ಚಾದರೆ ಮಾವು ಮುನಿಸಿಕೊಳ್ಳುತ್ತದೆ.

ಜೂನ್‌ನಲ್ಲಿ ಮಿರಗದ (ಮೃಗಶಿರಾ) ಮಳೆ ಬಿತ್ತೆಂದರೆ ಮಾವಿಗೆ ಕೈಮುಗಿಯುತ್ತೇನೆ. ಆಮೇಲೆ ಬರುವ ಹಣ್ಣಿನಲ್ಲಿ ಹುಳುವಿಗೆ ನನಗಿಂತ ಮೊದಲ ಹಕ್ಕು.

ಡಿಸೆಂಬರ್‌ನಲ್ಲಿ ಕೇಳಿದರೆ ಪೇರಲ, ಅದೂ ನವಲೂರಿನದು. ಹುಬ್ಬಳ್ಳಿ-ಧಾರವಾಡ ರಸ್ತೆಯ ಮಗ್ಗುಲಲ್ಲಿ ಬುಟ್ಟಿ ಇಟ್ಟುಕೊಂಡು ಕೂರುವ ಹೆಣ್ಣುಮಕ್ಕಳು ಹಣ್ಣನ್ನು ನಾಲ್ಕಾಗಿ ಸೀಳಿ, ಪೂರ್ತಿ ಬೇರ್ಪಡಿಸದೆ, ನಡುವೆ ಉಪ್ಪು-ಖಾರ ತುಂಬಿ ಕೈಗಿಡುತ್ತಾರೆ. ಬಸ್ಸು ಹತ್ತುವ ಮುಂಚೆಯೇ ಮುಗಿಸಬೇಕು, ಇಲ್ಲದಿದ್ದರೆ ಅದರ ಘಮಕ್ಕೆ ಇಡೀ ಬಸ್ಸು ತಿರುಗಿ ನೋಡುತ್ತದೆ.

ಯಾವ ಸಂಗೀತ ಕೇಳುತ್ತೀರಿ? ಇಷ್ಟದ ಗಾಯಕರು ಯಾರು?

ಹುಬ್ಬಳ್ಳಿ-ಧಾರವಾಡದವರಿಗೆ ಈ ಪ್ರಶ್ನೆ ಕೇಳಿದರೆ ಉತ್ತರ ಬೇಗ ಮುಗಿಯುವುದಿಲ್ಲ, ಕುಳಿತುಕೊಳ್ಳಿ.

ನಾನು ಹಾಡಲು ಕಲಿತವಳಲ್ಲ, ಕಿವಿ ಮಾತ್ರ ಈ ಊರಿನದು. ನಮ್ಮ ಮನೆಯ ರೇಡಿಯೋಗೆ 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯೇ ಲೋಕ. ಬೆಳಗಿನ ಹೊತ್ತಿಗೆ ಮಲ್ಲಿಕಾರ್ಜುನ ಮನಸೂರರ ತೋಡಿ ಸಿಕ್ಕರೆ ಅಂದು ಪತ್ರಿಕೆ ಓದುವುದಿಲ್ಲ. ಮಂಜಿ ಖಾನ್, ಆಮೇಲೆ ಭುರ್ಜಿ ಖಾನ್ ಅವರಲ್ಲಿ ಜೈಪುರ-ಅತ್ರೌಲಿ ಘರಾಣೆಯ ಗಾಯನಶೈಲಿ ಕಲಿತ ಅವರು, ಬೇರೆಯವರು ಹೆಸರು ಮಾತ್ರ ಕೇಳಿದ ಅಪರೂಪದ ರಾಗಗಳನ್ನು ಪರಿಚಯವೇ ಬೇಕಿಲ್ಲ ಎಂಬಂತೆ ಎತ್ತಿಕೊಳ್ಳುತ್ತಿದ್ದರು. ಪೀಠಿಕೆ ಇಲ್ಲ, ನೇರ ಬಂದಿಶ್. ಕಥೆಯನ್ನು ಹೀಗೆ ಶುರು ಮಾಡಬೇಕೆಂಬ ಆಸೆ ನನ್ನದು. ನಾನಿನ್ನೂ ಎರಡು ಪುಟ ಹವಾಮಾನ ವರ್ಣಿಸುತ್ತೇನೆ.

ಮಧ್ಯಾಹ್ನ ಭೀಮಪಲಾಸ, ಯಾರು ಹಾಡಿದರೂ ಸರಿ. ಹೊತ್ತು ಮುಳುಗುವಾಗ ಭೀಮಸೇನ ಜೋಶಿಯವರ ಪೂರಿಯಾ ಧನಾಶ್ರೀ. ರಾತ್ರಿಗೆ ಗಂಗೂಬಾಯಿ ಹಾನಗಲ್. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ದನಿ ಗಡುಸಾಯಿತು, ಗಂಡಸಿನ ದನಿಯ ಹಾಗಾಯಿತು. ಅದೇ ದನಿಯಲ್ಲಿ ಮುಂದೆ ಅವರು ಕಟ್ಟಿದ್ದನ್ನು ಕೇಳುವಾಗ ಇಂಪಿನ ಕಂಠ ಎಂಬ ಮಾತೇ ಬಡವಾಗುತ್ತದೆ. 

ಸಭಾಂಗಣದ ಕಛೇರಿಗಳ ಬಗ್ಗೆ ನನ್ನದೊಂದು ತಕರಾರಿದೆ. ಸಂಜೆ ಆರಕ್ಕೆ ಶುರು, ಒಂಬತ್ತೂವರೆಗೆ ಬಾಗಿಲು. ಹಾಗಾಗಿ ಎಲ್ಲರೂ ಎಲ್ಲ ಕಡೆಯೂ ಅದೇ ಸಂಜೆಯ ನಾಲ್ಕೈದು ರಾಗಗಳನ್ನೇ ಹಾಡುತ್ತಾರೆ. ಲಲತ, ಭೈರವ, ಮಧ್ಯರಾತ್ರಿಯ ದರ್ಬಾರಿ ಇವೆಲ್ಲ ತಮ್ಮ ಹೊತ್ತಿನಲ್ಲಿ ಎದುರಿಗೆ ಕೇಳಲು ಸಿಗುವುದೇ ಇಲ್ಲ. ಅದಕ್ಕೇ ಕುಂದಗೋಳ ನನಗೆ ಪ್ರಿಯ. ಗಂಗೂಬಾಯಿ, ಭೀಮಸೇನರಿಬ್ಬರ ಗುರು ಸವಾಯಿ ಗಂಧರ್ವರ ಊರು ಅದು. ಗಂಗೂಬಾಯಿಯವರು ಪಾಠಕ್ಕೆ ಹುಬ್ಬಳ್ಳಿಯಿಂದ ರೈಲು ಹತ್ತಿ ಹೋಗುತ್ತಿದ್ದುದು ಅಲ್ಲಿಗೇ. ಸವಾಯಿ ಗಂಧರ್ವರ ಪುಣ್ಯತಿಥಿಗೆ ಅಲ್ಲಿಯ ನಾಡಿಗೇರ ವಾಡೆಯಲ್ಲಿ ಅಹೋರಾತ್ರಿ ಸಂಗೀತ ನಡೆಯುತ್ತದೆ. ಜಮಖಾನೆಯ ಮೇಲೆ ಮೊಣಕಾಲು ನೋಯಿಸಿಕೊಂಡು ಕುಳಿತು, ಎರಡರ ಸುಮಾರಿಗೆ ಹೊರಗೆ ಹೋಗಿ ಚಹಾ ಕುಡಿದು ಬಂದರೆ ಮಾಲಕಂಸ ಮುಗಿಯುತ್ತ ಬಂದಿರುತ್ತದೆ. ಬೆಳಕು ಹರಿಯುವ ಮುನ್ನ ಯಾರೋ ಲಲತದ ಎರಡು ಮಧ್ಯಮ ಸ್ವರಗಳನ್ನು ಒಂದರ ಬೆನ್ನಿಗೊಂದು ಹಚ್ಚುತ್ತಾರೆ. ಆ ರಾಗವನ್ನು ಮನೆಯಲ್ಲಿ ಮೊಬೈಲಿನಲ್ಲಿ ಸಂಜೆ ಐದಕ್ಕೆ ಹಾಕಿ ನೋಡಿ, ಏನೂ ಆಗುವುದಿಲ್ಲ.

ನಿಮ್ಮ ಸೀರೆಗಳು ಎಲ್ಲ ಇಳಕಲ್ಲೇ ಏಕೆ?

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆಯಲ್ಲಿ ಅರ್ಧವನ್ನಷ್ಟೇ ನಾನು ಒಪ್ಪುತ್ತೇನೆ. ಇಳಕಲ್ ಸೀರೆಯ ಒಡಲು ಸಾಮಾನ್ಯವಾಗಿ ಹತ್ತಿ, ಸೆರಗು ರೇಷ್ಮೆ. ಎರಡನ್ನೂ ಬೇರೆ ಬೇರೆ ಹಾಸು ಹಾಕಿ, ನೇಯುವ ಮುನ್ನ ಎಳೆಗೆ ಎಳೆ ಕೊಂಡಿಯಾಗಿ ಸಿಕ್ಕಿಸುತ್ತಾರೆ. ಆ ಕೊಂಡಿ ಸಾಲನ್ನು ಬೆರಳಿನಿಂದ ಸವರಿ ನೋಡುವುದು ಸೀರೆ ಕೊಳ್ಳುವುದಕ್ಕಿಂತ ದೊಡ್ಡ ಸುಖ. ಕೆಂಪು ಸೆರಗಿನ ಮೇಲೆ ಬಿಳಿಯ ಗೋಪುರದಂಥ ತೆನೆ ಸಾಲು, ಅಂಚಿನಲ್ಲಿ ಗೋಮಿಯೋ ಗಾಡಿಯೋ ಎಂಬ ಹೆಸರಿನ ವಿನ್ಯಾಸ. ಜೊತೆಗೆ ಗುಳೇದಗುಡ್ಡದ ಖಣದ ಕುಪ್ಪಸ. ಬೇಸಿಗೆಯ ಮದುವೆಗಳಿಗೆ ರೇಷ್ಮೆ ಉಟ್ಟು ಬೆವರುವವರ ನಡುವೆ ಹತ್ತಿಯ ಒಡಲು ಉಟ್ಟವಳಿಗೆ ಸಿಗುವ ಸಮಾಧಾನ ಸಣ್ಣದಲ್ಲ. 

ಕೆಲವು ಸೀರೆಗಳ ಕಸೂತಿ ನನ್ನದೇ. ನಾಲ್ಕು ಬಗೆಯ ಹೊಲಿಗೆ ಇದರಲ್ಲಿ: ಗವಂತಿ, ಮುರಗಿ, ನೇಯ್ಗೆ, ಮೆಂತ್ಯೆ. ಗವಂತಿಯಲ್ಲಿ ಸೂಜಿ ಒಂದು ಎಳೆ ಬಿಟ್ಟು ಒಂದು ಹಿಡಿದು ಹೋಗಿ, ಮರಳುವಾಗ ಬಿಟ್ಟ ಜಾಗಗಳನ್ನು ತುಂಬುತ್ತದೆ. ಗಂಟು ಹಾಕುವಂತಿಲ್ಲ; ಹಿಂದೆ ಮುಂದೆ ಎರಡೂ ಕಡೆ ಒಂದೇ ರೂಪ ಕಾಣಬೇಕು. ನಕ್ಷೆ ಬರೆದುಕೊಳ್ಳುವ ಪದ್ಧತಿಯೂ ಇಲ್ಲ, ಬಟ್ಟೆಯ ಎಳೆ ಎಣಿಸುವುದೇ ದಾರಿ. ಒಂದು ಎಳೆ ಲೆಕ್ಕ ತಪ್ಪಿದರೆ ಅಂಬಾರಿ ಹೊತ್ತ ಆನೆಗೆ ಕಾಲು ಕುಂಟು. ಇದಕ್ಕೆ ಬೆಳಕು ಬೇಕು. ಫೆಬ್ರುವರಿಯ ಬೆಳಿಗ್ಗೆ, ಪಡಸಾಲೆಯ ಕಿಟಕಿ.

ಕಸೂತಿಗೂ ಕಥೆ ಹೆಣೆಯುವುದಕ್ಕೂ ಸಂಬಂಧವಿದೆಯಲ್ಲವೇ?

ಇಲ್ಲ. ಪ್ರತಿ ಸಂದರ್ಶಕರೂ ಈ ಸಂಬಂಧವನ್ನು ಕಲ್ಪಿಸಿಕೊಂಡೇ ಬರುತ್ತಾರೆ. ಕಸೂತಿ ಮಾಡುವಾಗ ತಲೆ ಖಾಲಿಯಿರುತ್ತದೆ. ಅದಕ್ಕೆಂದೇ ಮಾಡುವುದು.

ಮಳೆ ಇಷ್ಟವೇ?

ಯಾವ ಮಳೆ? ನಮ್ಮ ಅಡುಗೆಮನೆಯ ಗೋಡೆಯಲ್ಲಿ ಗದಗಿನ ಶಾಬಾದಿಮಠದ ತೂಗು ಪಂಚಾಂಗವಿದೆ. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಮೊಮ್ಮಗನ ಲಸಿಕೆ ಎಲ್ಲ ಅದರ ಮೇಲೆಯೇ. ಸೂರ್ಯ ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಕ್ಕೆ ಒಂದೊಂದು ಮಳೆ. ರೋಹಿಣಿ, ಜೂನ್ ಮೊದಲ ವಾರ ಕಳೆಯುತ್ತ ಮಿರಗ, ಆಮೇಲೆ ಆರಿದ್ರೆ. ನನಗೆ ಮಿರಗಕ್ಕಿಂತ ಮುಂಚಿನ ಅಡ್ಡಮಳೆ ಇಷ್ಟ, ಗುಡುಗಿನ ಸದ್ದು ಜಾಸ್ತಿ, ನೀರು ಕಡಿಮೆ. ಆರಿದ್ರೆಯ ಹೊತ್ತಿಗೆ ಗೋಡೆ ಬೆವರುತ್ತದೆ, ಒಗೆದ ಬಟ್ಟೆ ಒಣಗುವುದಿಲ್ಲ, ಇಷ್ಟ ಕಷ್ಟಗಳ ಮಾತೇ ನಿಲ್ಲುತ್ತದೆ. ಮತ್ತೆ ಅಕ್ಟೋಬರ್ ಕೊನೆಯ ಸ್ವಾತಿ. ‘ಸ್ವಾತಿ ಮಳೆ ಮುತ್ತಿನ ಬೆಳೆ’ ಎನ್ನುವುದು ಹಿಂಗಾರಿ ಜೋಳ ಬಿತ್ತಿದವರ ಮಾತು. ರೊಟ್ಟಿ ತಿನ್ನುವವಳಾಗಿ ನನಗೂ ಆ ಮಳೆಯಲ್ಲಿ ಪಾಲಿದೆ.

ಪುಸ್ತಕಗಳನ್ನು ಎಲ್ಲಿ ಕೊಳ್ಳುತ್ತೀರಿ?

ಸುಭಾಷ ರಸ್ತೆಯ ಅಟ್ಟ. ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲೆ ಅಲ್ಲಿದೆ. ಗಿರೀಶ ಕಾರ್ನಾಡರ ನಾಟಕಗಳು ಮೊದಲು ಪುಸ್ತಕವಾಗಿದ್ದು ಅಲ್ಲಿಂದ, ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು ಕುಳಿತು ಮಾತಾಡಿದ್ದು ಅಲ್ಲಿ. ಮೆಟ್ಟಿಲು ಹತ್ತುವಾಗ ಒಂದು ಪುಸ್ತಕ ಕೊಳ್ಳುವ ನಿರ್ಧಾರವಿರುತ್ತದೆ, ಇಳಿಯುವಾಗ ಚೀಲ ಭಾರ. ಮಂಚದ ಪಕ್ಕದಲ್ಲಿ ಸದಾ ಇರುವುದು ಕಿಟೆಲ್ ನಿಘಂಟು, 1894ರದ್ದರ ಮರುಮುದ್ರಣ. ನಿದ್ದೆ ಬಾರದಾಗ ಎಲ್ಲೋ ಒಂದು ಪುಟ ತೆರೆದು ಓದುತ್ತೇನೆ. ಎದೆಯ ಮೇಲೆ ಇಟ್ಟುಕೊಂಡು ಓದಲು ಮಾತ್ರ ಆಗದು, ಪಕ್ಕೆಲುಬಿಗೆ ಅಪಾಯ.

ಸಿನಿಮಾ, ಧಾರಾವಾಹಿ?

ಧಾರಾವಾಹಿ ನೋಡುತ್ತೇನೆ, ಸೊಪ್ಪು ಬಿಡಿಸುತ್ತ. ನೋಡುವುದಿಲ್ಲ ಎನ್ನುವ ಲೇಖಕರಿಗೆ ನಿನ್ನೆಯ ಕಂತಿನ ಕಥೆ ಗೊತ್ತಿರುವುದನ್ನು ಗಮನಿಸಿದ್ದೇನೆ.

ವಾಕಿಂಗ್ ಹೋಗುತ್ತೀರಾ?

ಕರ್ನಾಟಕ ವಿಶ್ವವಿದ್ಯಾಲಯದ ಗುಡ್ಡ, ಇಲ್ಲವಾದರೆ ಕೆಲಗೇರಿ ಕೆರೆ. ಬೇಂದ್ರೆಯವರ ಸಾಧನಕೇರಿಯ ಕಡೆಗೆ ಹೋಗುವುದು ಹೊರಗಿನಿಂದ ನೆಂಟರು ಬಂದಾಗ. ಹುಬ್ಬಳ್ಳಿಯಲ್ಲಿ ರೈಲು ಇಳಿಯುವ ದಿನ ಬೇರೆ ವಾಕಿಂಗ್ ಬೇಕಿಲ್ಲ. ಅಲ್ಲಿಯ 1,507 ಮೀಟರ್ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದದ್ದು, ನನ್ನ ಬೋಗಿ ಯಾವಾಗಲೂ ಅದರ ದೂರದ ತುದಿಗೇ ನಿಲ್ಲುತ್ತದೆ.

ಮನೆಗೆ ಬೆಂಕಿ ಬಿದ್ದರೆ ಮೊದಲು ಯಾವ ವಸ್ತು ಎತ್ತಿಕೊಂಡು ಓಡುತ್ತೀರಿ?

ಇಂಥ ಅಪಶಕುನದ ಪ್ರಶ್ನೆ ಕೇಳುವ ಹುಡುಗರು ಹೆಚ್ಚಾಗಿದ್ದಾರೆ. ಆಗಲಿ: ಕೌದಿ. ಹಸ್ತಪ್ರತಿಯಲ್ಲ. ಹಸ್ತಪ್ರತಿ ಕಂಪ್ಯೂಟರಿನಲ್ಲೂ ಇದೆ, ಮಗಳ ಹತ್ತಿರವೂ ಇದೆ.

ನಮ್ಮ ಅತ್ತೆಯವರು ಹೊಲಿದ ಕೌದಿ ಅದು. ಹಳೆಯ ಸೀರೆ, ಮಾವನವರ ಧೋತರ, ಯಾರದೋ ಲಂಗ ಎಲ್ಲ ಪದರ ಪದರವಾಗಿ ಹಾಸಿ, ಅಂಚಿನಿಂದ ಶುರು ಮಾಡಿ ಸುತ್ತು ಸುತ್ತುತ್ತ ನಡುವಿಗೆ ಬರುವ ಸಣ್ಣ ಹೊಲಿಗೆ. ಕೊನೆಯ ಮೂಲೆಯನ್ನು ಮುಚ್ಚುವ ಮುನ್ನ ಒಂದು ಚೂರು ಹೋಳಿಗೆ ಇಟ್ಟು ಹೊಲಿದಿದ್ದರು. ಕೌದಿ ಹಸಿದಿರಬಾರದಂತೆ. ಇರುವೆ ಬರುವುದಿಲ್ಲವೇ ಎಂದು ನಾನು ಕೇಳಿದ್ದಕ್ಕೆ ‘ನಿನಗೆ ಎಲ್ಲದಕ್ಕೂ ಕಾರಣ ಬೇಕವ್ವ’ ಎಂದಿದ್ದರು. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರ ಕೌದಿಗಳು ಇನ್ನೂ ಚೆಂದ. ಅವರು ನಾಲ್ಕೂ ಮೂಲೆಗೆ ಮಡಿಚಿದ ಬಟ್ಟೆಯ ಹೂವು ಕೂಡಿಸುತ್ತಾರೆ. ನಮ್ಮದರ ತೂಕ ಬಹಳ. ಜನವರಿಯ ರಾತ್ರಿ ಅದರಡಿ ಸೇರಿದರೆ ಮಗ್ಗುಲಾಗುವುದಕ್ಕೂ ಯೋಚಿಸಬೇಕು. ಬೇಸಿಗೆಯಲ್ಲಿ ಮಡಿಚಿ ಟ್ರಂಕಿನಲ್ಲಿಡುತ್ತೇನೆ. ಹಾಗಾಗಿ ಬೆಂಕಿ ಬೀಳುವುದಿದ್ದರೆ ಚಳಿಗಾಲದಲ್ಲೇ ಬೀಳಲಿ.

ನಿಮ್ಮ ಸಣ್ಣ ಸಣ್ಣ ಖುಷಿಗಳು ಯಾವುವು?

ಸಂಕ್ರಾಂತಿಗೆ ಮುಂಚೆ ಕುಸುರೆಳ್ಳು ಮಾಡುವುದು. ಅಂಗಡಿಯಲ್ಲಿ ಸಿಗುತ್ತದೆ, ಬಣ್ಣವೂ ಇರುತ್ತದೆ, ಆದರೂ ಮಾಡುತ್ತೇನೆ. ಸಣ್ಣ ಕೆಂಡದ ಮೇಲೆ ಹಿತ್ತಾಳೆ ತಾಟು, ಅದರಲ್ಲಿ ಹುರಿದ ಎಳ್ಳು, ಮೇಲೆ ಒಂದು ಚಮಚ ಸಕ್ಕರೆ ಪಾಕ. ಬೆರಳ ತುದಿಯಿಂದ ಆಡಿಸುತ್ತಲೇ ಇರಬೇಕು. ಪಾಕ ಒಣಗಿ ಎಳ್ಳಿಗೆ ಹತ್ತಿತೆಂದರೆ ಇನ್ನೊಂದು ಚಮಚ. ಅವಸರ ಮಾಡಿ ಎರಡು ಚಮಚ ಹಾಕಿದರೆ ಎಲ್ಲ ಮುದ್ದೆ. ರಾತ್ರಿಯ ಚಳಿ ಇದ್ದರೆ ಕಾಳಿನ ಸುತ್ತ ಮುಳ್ಳು ಚೆನ್ನಾಗಿ ಏಳುತ್ತದೆ. ಹೀಗೆ ಗಂಟೆಗಟ್ಟಲೆ ಕುಳಿತರೆ ಸಿಗುವುದು ಒಂದು ಸಣ್ಣ ಡಬ್ಬಿ. ಅದನ್ನು ಯಾರಿಗೆ ಕೊಡಬೇಕು, ಯಾರಿಗೆ ಅಂಗಡಿಯದ್ದು ಸಾಕು ಎಂದು ಪಟ್ಟಿ ಮಾಡುವುದು ಇನ್ನೊಂದು ಖುಷಿ. 

ಬೇರೆ ಇನ್ನೇನು? ಜುಲೈನಲ್ಲಿ ಲೋಂಡಾ, ಕ್ಯಾಸಲ್‌ರಾಕ್ ದಾಟಿ ಗೋವೆಯ ಕಡೆ ಇಳಿಯುವ ರೈಲಿನ ಕಿಟಕಿ. ಪೆನ್ನಿನ ನಿಬ್ಬನ್ನು ಬಿಸಿನೀರಿನಲ್ಲಿ ತೊಳೆಯುವಾಗ ಬಟ್ಟಲಿನಲ್ಲಿ ನೀಲಿ ಬಿಡುವುದು. ಬರಬೇಕಾಗಿದ್ದ ನೆಂಟರು ‘ಈ ಸಲ ಆಗುವುದಿಲ್ಲ’ ಎಂದು ಫೋನ್ ಮಾಡುವುದು.

ಇಷ್ಟವಿಲ್ಲದ್ದು?

ಸನ್ಮಾನದ ಶಾಲು. ಕಪಾಟಿನಲ್ಲಿ ಸೀರೆಗಿಂತ ಅವೇ ಹೆಚ್ಚಾಗಿವೆ, ಚಳಿಗೂ ಆಗುವುದಿಲ್ಲ, ಒರೆಸಲೂ ನೀರು ಹೀರುವುದಿಲ್ಲ. ಗಾಜಿನ ಪೆಟ್ಟಿಗೆಯೊಳಗಿನ ಸ್ಮರಣಿಕೆಗಳ ಬಗ್ಗೆ ಹೇಳದಿರುವುದೇ ಮೇಲು. ಹಾವೇರಿಯ ಏಲಕ್ಕಿ ಹಾರ ಮಾತ್ರ ಸಂತೋಷದಿಂದ ತೆಗೆದುಕೊಳ್ಳುತ್ತೇನೆ. ಅದನ್ನು ಪುಸ್ತಕದ ಕಪಾಟಿನೊಳಗೆ ತೂಗುಹಾಕಿದರೆ ಬಾಗಿಲು ತೆರೆದಾಗಲೆಲ್ಲ ಘಮ್ಮೆನ್ನುತ್ತದೆ.

ನಿಮ್ಮನ್ನು ನೋಡಲು ಮನೆಗೆ ಬರಬಹುದೇ? ಬರುವಾಗ ಏನು ತರಬೇಕು?

ಬನ್ನಿ. ಪೇಡೆ ತರಬೇಡಿ, ಲೈನ್ ಬಜಾರಿನಲ್ಲಿ ಇಳಿದು ಪೇಡೆ ಕಟ್ಟಿಸಿಕೊಂಡು ಧಾರವಾಡದವರ ಮನೆಗೆ ಬರುವವರು ಇನ್ನೂ ಇದ್ದಾರೆ. ಗೋಕಾಕದ ಕಡೆಯಿಂದಾದರೆ ಕರದಂಟು, ಬೆಳಗಾವಿಯಿಂದಾದರೆ ಕುಂದಾ, ಅದೂ ಸ್ವಲ್ಪ. ಶಿರಸಿ-ಸಾಗರದವರು ಅಪ್ಪೆಮಿಡಿ ಉಪ್ಪಿನಕಾಯಿ ತಂದರೆ ಊಟಕ್ಕೇ ನಿಲ್ಲಿಸಿಕೊಳ್ಳುತ್ತೇನೆ. ಡಿಸೆಂಬರ್‌ನಲ್ಲಿ ಹುಬ್ಬಳ್ಳಿ ಕಡೆಯಿಂದ ಬರುವವರು ನವಲೂರಿನಲ್ಲಿ ಒಂದು ನಿಮಿಷ ಇಳಿದರೆ ಸಾಕು. ಬರೆದದ್ದನ್ನು ಓದಿಸಲು ತರುವವರು ಮೊದಲೇ ಹೇಳಿ, ಕನ್ನಡಕ ಹುಡುಕಿಟ್ಟಿರುತ್ತೇನೆ. ಫೋನ್ ಮಾಡಿ ಬನ್ನಿ, ನಾಲ್ಕರ ಮೇಲೆ. ಮಧ್ಯಾಹ್ನ ಎರಡರಿಂದ ನಾಲ್ಕರ ತನಕ ಮಲಗುತ್ತೀರಾ ಎಂದು ಕೇಳಿದ್ದಿರಲ್ಲ, ಹೌದು.